ಒಂದೇ ಹಳಿಯ ಮೆಟ್ಟಿಲು

ತಿರುವು ಬಂದ ಕೂಡಲೇ ಅವರ ಬಲಗೈ ತಾನಾಗಿಯೇ ಮೇಲೇಳುತ್ತಿತ್ತು. ಭುಜದ ಮಟ್ಟಕ್ಕೆ ಎದ್ದು, ಅಂಗೈ ಕೆಳಮುಖವಾಗಿ, ಗಾಳಿಯಲ್ಲಿ ಯಾರೋ ಮೊಳೆ ಹೊಡೆದು ನಿಲ್ಲಿಸಿದಂತೆ ಮೂರೆಣಿಸುವಷ್ಟು ಹೊತ್ತು ಅಲುಗದೆ ನಿಂತು, ಆಮೇಲೆ ಓರೆಯಾಗಿ ಕೆಳಗಿಳಿದ ಮೇಲೆಯೇ ಅವರು ಹೆಜ್ಜೆ ಮುಂದಿಡುತ್ತಿದ್ದರು. ಬೀದಿಯ ಮೂಲೆಯಾದರೂ ಅಷ್ಟೆ, ಔಷಧಿ ಅಂಗಡಿಯ ಬಾಗಿಲಾದರೂ ಅಷ್ಟೆ, ತಮ್ಮದೇ ಮನೆಯ ಬಚ್ಚಲಿನ ಬಾಗಿಲಾದರೂ ಅಷ್ಟೆ. ಹಿಂದೆ ಬರುವವರು ಅವರಿಗೆ ಢಿಕ್ಕಿ ಹೊಡೆಯುವುದು ನಮ್ಮ ಬೀದಿಯಲ್ಲಿ ಎಷ್ಟು ವಾಡಿಕೆಯಾಗಿತ್ತೆಂದರೆ, ಅವರ ಕೋಟಿನ ಬೆನ್ನಿನ ಮೇಲೆ ಊರಿನ ಅರ್ಧ ಜನರ ಮೂಗಿನ ಅಚ್ಚು ಮೂಡಿತ್ತೆಂದು ನಾನು ಹೇಳಿದರೆ ಅದರಲ್ಲಿ ಉತ್ಪ್ರೇಕ್ಷೆ ತೀರ ಕಡಿಮೆ.

ನಲವತ್ತೊಂದು ವರ್ಷ ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಸನ್ನೆಕೋಲು ಎಳೆದವರು ಅವರು. ಹಳಿಯ ಪಕ್ಕದಲ್ಲಿ ನಿಂತು ಮರದ ತೋಳನ್ನು ಎತ್ತಿ ಇಳಿಸಿ ಗಾಡಿಗಳಿಗೆ ‘ನಿಲ್ಲು’, ‘ಹೋಗು’ ಎನ್ನುವ ಆ ಹಳೆಯ ಕಂಬಕ್ಕೆ ಕೈಮರ ಎನ್ನುತ್ತಾರಲ್ಲ, ಅದೇ ಹೆಸರು ಅವರಿಗೂ ಅಂಟಿಕೊಂಡಿತ್ತು. ಹಿರಿಯರು ಕೈಮರದವರು ಎನ್ನುತ್ತಿದ್ದರು, ಕಿರಿಯರು ಕೈಮರದ ಮಾಮ ಎನ್ನುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಪಿಂಚಣಿ ಕಚೇರಿಯವರಿಗೆ ಬಿಟ್ಟು ಇನ್ನಾರಿಗೂ ಬೇಕಾಗಿರಲಿಲ್ಲ.

ಕಪ್ಪಾಗಿ ಹೋದ ನೀಲಿ ಉಣ್ಣೆಯ ಕೋಟು ಅವರದು. ಬಿಸಿಲಿಗೂ ಅದೇ, ಚಳಿಗೂ ಅದೇ. ಬೇಸಿಗೆಯ ನಟ್ಟನಡುವೆ ನಾವೆಲ್ಲ ಬೆಣ್ಣೆಯಂತೆ ಕರಗಿ ಚರಂಡಿ ಸೇರುವ ಹೊತ್ತಿನಲ್ಲಿಯೂ ಅವರು ಎಂಟೂ ಗುಂಡಿ ಹಾಕಿಕೊಂಡು ಬೆವರಿನ ಒಂದು ಹನಿಯಿಲ್ಲದೆ ನಡೆಯುತ್ತಿದ್ದರು; ಬೆವರಿಗೂ ಅವರು ಅನುಮತಿ ಕೊಟ್ಟಿರಲಿಲ್ಲವೆಂದು ಕಾಣುತ್ತದೆ. ಕೋಟಿನ ಎಡಜೇಬಿನಲ್ಲಿ ಹಳದಿ ಬಟ್ಟೆಯ ಚೌಕವೊಂದು ಇರುತ್ತಿತ್ತು. ಸನ್ನೆಕೋಲಿನ ಉಕ್ಕಿನ ಹಿಡಿಯನ್ನು ಬರಿಗೈಯಲ್ಲಿ ಮುಟ್ಟಿದರೆ ಕೈಬೆವರಿಗೆ ತುಕ್ಕು ಹಿಡಿಯುತ್ತದೆಂದು ಕ್ಯಾಬಿನ್ನಿನಲ್ಲಿ ಕಲಿತ ಪಾಠ. ಹಾಗಾಗಿ ನಿವೃತ್ತರಾದ ಮೇಲೂ ಬಾಗಿಲ ಚಿಲಕ, ನಲ್ಲಿ, ಗೇಟು ಯಾವುದನ್ನೇ ಆಗಲಿ ಬಟ್ಟೆ ಹಿಡಿದೇ ಮುಟ್ಟುವರು. ಸೋಂಕು ರೋಗ ಬಂದು ಊರಿಗೆ ಊರೇ ಚಿಲಕ ಮುಟ್ಟಲು ಹೆದರಿದಾಗ, ನಲವತ್ತೊಂದು ವರ್ಷ ಮೊದಲೇ ಸಿದ್ಧರಾಗಿದ್ದವರು ಅವರೊಬ್ಬರೇ. ಮಾತಿನಲ್ಲೂ ಒಂದು ಚಟ. ಮನೆಯೊಳಗೆ ಬರುವ ಮೊದಲು, ಕುರ್ಚಿಯಲ್ಲಿ ಕೂರುವ ಮೊದಲು, ಎದುರಿನವರು ಹೇಳುತ್ತಿರುವ ಕಥೆಯಲ್ಲಿ ನಗುವ ಮೊದಲು ಕೂಡ, “ಲೈನ್ ಕ್ಲಿಯರಾ?” ಎಂದು ಕೇಳಬೇಕು. ಹೂಂ ಎಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಂಥ ಮನುಷ್ಯನ ಕೈಗೆ ಒಂದು ನಾಯಿ ಬಂತು.

ನಾಯಿ ಅವರ ಮಗಳದು. ಮಗಳು ದೊಡ್ಡಾಸ್ಪತ್ರೆಯ ನರ್ಸು. ತಾಯಿಯಿಲ್ಲದ ಮನೆ, ತಂದೆ ಮಗಳು ಇಬ್ಬರೇ ನಮ್ಮ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿದ್ದರು. ಟೈರ್ ಗೋದಾಮಿನ ಹಿಂದೆ ಎರಡಡಿ ಸರಪಳಿಯಲ್ಲಿ ನಾಲ್ಕು ವರ್ಷ ಕಟ್ಟಿಹಾಕಿದ್ದ ಪ್ರಾಣಿಯನ್ನು ಅವಳು ಬಿಡಿಸಿ ತಂದು, ಮೈಬಣ್ಣ ನೋಡಿ ಬೆಣ್ಣೆ ಎಂದು ಹೆಸರಿಟ್ಟಿದ್ದಳು. ಹೆಸರಿಡುವಾಗ ಅದು ಮಲಗಿತ್ತು. ಎದ್ದ ಮೇಲೆ ತಿಳಿಯಿತು, ಅದು ಇನ್ನೊಂದು ನಾಯಿಯನ್ನು ಕಂಡರೆ, ಸೈಕಲ್ ಚಕ್ರ ಕಂಡರೆ, ಟೋಪಿ ಹಾಕಿದವರನ್ನು ಕಂಡರೆ, ಹಗ್ಗದ ತುದಿಯಲ್ಲಿ ಎರಡು ಕಾಲಿನ ಮೇಲೆ ನಿಂತು, ನರಕದ ಏಳೂ ಬಾಗಿಲು ಒಟ್ಟಿಗೆ ತೆರೆದಂತೆ ಬೊಗಳುತ್ತದೆ ಎಂದು. ಆ ಬೊಗಳಿಗೆ ನೆಲಮಹಡಿಯ ನನ್ನ ಮನೆಯ ಗೋಡೆ ಗಡಿಯಾರ ಎರಡು ನಿಮಿಷ ಮುಂದಕ್ಕೆ ಹೋಗಿದ್ದು ನಾನೇ ಕಂಡಿದ್ದೇನೆ.

“ಅಪ್ಪ, ಅದು ಕಚ್ಚೋಕೆ ಬರ್ತಿಲ್ಲ. ದೂರ ಹೋಗಿ ಅಂತ ಬೇಡ್ಕೊಳ್ತಿದೆ” ಎನ್ನುತ್ತಿದ್ದಳು ಮಗಳು.

“ಬೇಡ್ಕೊಳ್ಳೋರಿಗೆ ಇಷ್ಟೊಂದು ಹಲ್ಲು ಯಾಕಮ್ಮ?” ಎನ್ನುತ್ತಿದ್ದರು ಅಪ್ಪ.

ಮಗಳು ಪ್ರತಿದಿನ ಬೆಳಿಗ್ಗೆ ಅದನ್ನು ಸ್ಕೂಟರಿನ ಮುಂದೆ ಕೂರಿಸಿಕೊಂಡು ಊರಾಚೆಗಿನ, ಕೆಲಸ ನಿಂತ ಇಟ್ಟಿಗೆ ಗೂಡಿನ ಬಯಲಿಗೆ ಕರೆದೊಯ್ಯುವಳು. ಅಲ್ಲಿ ನರಪಿಳ್ಳೆಯಿಲ್ಲ, ನಾಯಿಪಿಳ್ಳೆಯೂ ಇಲ್ಲ. ಉದ್ದನೆಯ ಹಗ್ಗ ಬಿಟ್ಟರೆ ಬೆಣ್ಣೆ ಒಂದು ಗಂಟೆ ಓಡಿ, ಮನೆಗೆ ಬಂದು, ಹೆಸರಿಗೆ ತಕ್ಕಂತೆ ನೆಲದ ಮೇಲೆ ಹರಡಿಕೊಳ್ಳುತ್ತಿತ್ತು. ಅಪ್ಪನಿಗೂ ನಾಯಿಗೂ ಮಾತುಕತೆ ಇರಲಿಲ್ಲ. ಒಂದೇ ಸೂರಿನಡಿಯ ಎರಡು ಇಲಾಖೆಗಳಂತೆ ಇದ್ದರು.

ಆಮೇಲೆ ಸಂಚಾರ ನಿಷೇಧ ಬಂತು. ಬಸ್ಸು ನಿಂತಿತು, ಸ್ಕೂಟರಿಗೆ ಪಾಸು ಬೇಕಾಯಿತು, ನಮ್ಮ ಓಣಿಯ ಒಂದು ತುದಿಗೆ ನೀರಿನ ಟ್ಯಾಂಕಿನ ಹತ್ತಿರ, ಇನ್ನೊಂದು ತುದಿಗೆ ಮುಚ್ಚಿದ ಚಿತ್ರಮಂದಿರದ ಹತ್ತಿರ ಪೊಲೀಸರು ಅಡ್ಡಗಟ್ಟೆ ಹಾಕಿದರು. ನಡುವೆ ಮುನ್ನೂರ ನಲವತ್ತು ಹೆಜ್ಜೆ. ಅದೇ ನಮ್ಮ ಭೂಮಂಡಲ. ನರ್ಸುಗಳನ್ನು ಆಸ್ಪತ್ರೆಯವರು ತಮ್ಮ ಹಾಸ್ಟೆಲಿನಲ್ಲೇ ಉಳಿಸಿಕೊಂಡರು. ಹೋಗುವ ದಿನ ಮಗಳು ಒಂದು ಚೀಲದಲ್ಲಿ ತನ್ನ ಬಟ್ಟೆ ತುಂಬಿಕೊಂಡು, ಇನ್ನೊಂದು ಚೀಲದಲ್ಲಿ ನಾಯಿಯ ಹಗ್ಗ, ಬಾಯಿಗೆ ಹಾಕುವ ತಂತಿಯ ಬುಟ್ಟಿ, ಒಣ ಬ್ರೆಡ್ಡು ಇಟ್ಟು ತಂದೆಯ ಮುಂದೆ ನಿಂತಳಂತೆ.

“ಅಪ್ಪ, ದಿನಾ ಒಂದ್ಸಲ ಅದು ನಡೀಲೇಬೇಕು. ನಡೀದಿದ್ರೆ ಹುಚ್ಚು ಹಿಡಿಯುತ್ತೆ, ಅದಕ್ಕೂ, ನಿನಗೂ.”

“ಲೈನ್ ಕ್ಲಿಯರ್” ಎಂದರು ಅವರು.

ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ, ಅದೂ ನಾಯಿ ಇದ್ದವರು ಓಣಿಯಲ್ಲಿ ಅಡ್ಡಾಡಬಹುದೆಂದು ಸರ್ಕಾರ ಹೇಳಿದ ಮೇಲೆ ನಮ್ಮ ಕಟ್ಟಡದಲ್ಲಿ ಪ್ರಾಣಿದಯೆ ಉಕ್ಕಿ ಹರಿಯಿತು. ಹನ್ನೊಂದು ನಾಯಿಗಳಿದ್ದವು, ಮೊದಲು ಅವು ತಿಂಗಳಿಗೊಮ್ಮೆ ಬೀದಿ ಕಂಡರೆ ಪುಣ್ಯ. ಈಗ ಮೊದಲನೆಯ ಮಹಡಿಯ ವಿಮೆ ಏಜೆಂಟನ ಮುದಿ ನಾಯಿಯನ್ನು ಮನೆಯ ಆರೂ ಜನ ಸರದಿಯ ಮೇಲೆ ಹೊರಗೆ ಕರೆದೊಯ್ಯುತ್ತಿದ್ದರು. ನಾಲ್ಕನೆಯ ದಿನ ಅದು ಹಗ್ಗ ಕಂಡೊಡನೆ ಮಂಚದ ಕೆಳಗೆ ಹೋಗಿ ಸತ್ತಂತೆ ನಟಿಸತೊಡಗಿತು. ಬೆಕ್ಕೊಂದಕ್ಕೆ ಹಗ್ಗ ಕಟ್ಟಿ ಪೊಲೀಸಿನವನ ಮುಂದೆ ನಾಯಿಯೆಂದು ವಾದಿಸಿದವರೂ ನಮ್ಮಲ್ಲಿ ಇದ್ದರು. ಯಾರೆಂದು ಹೇಳಿದರೆ ನನ್ನ ಮರ್ಯಾದೆಗೇ ಕುಂದು.

ಕಟ್ಟಡಕ್ಕೆ ಇದ್ದದ್ದು ಒಂದೇ ಮೆಟ್ಟಿಲು, ಲಿಫ್ಟು ಕೆಟ್ಟು ವರ್ಷವಾಗಿತ್ತು. ದಪ್ಪಗಿರುವ ಇಬ್ಬರು ಎದುರಾದರೆ ಒಬ್ಬರು ಮನೆಗೆ ಮರಳಬೇಕಾದಷ್ಟು ಇಕ್ಕಟ್ಟು. ಎರಡನೆಯ ದಿನವೇ ಅಲ್ಲಿ ಬೆಣ್ಣೆಗೆ ಮೂರನೆಯ ಮಹಡಿಯ ಟೈಲರಮ್ಮನ ಬಿಳಿ ನಾಯಿ ಎದುರಾಯಿತು. ಅಂಗೈಯಗಲದ ಪ್ರಾಣಿ, ಹೆಸರು ಹತ್ತಿ. ಟೈಲರಮ್ಮ ಹತ್ತಿಯನ್ನು ಎತ್ತಿಕೊಂಡಳು. ಬೆಣ್ಣೆಯ ಹಲ್ಲು ಅವಳ ತೋಳಿಗೆ ತಾಗಿ, ರವಿಕೆಯ ತೋಳು ಹರಿದು, ನಾಲ್ಕು ಹೊಲಿಗೆ ಬಿತ್ತು. ಬಟ್ಟೆಗೆ ಅವಳೇ ಹಾಕಿಕೊಂಡಳು. ತೋಳಿಗೆ ಡಾಕ್ಟರು ಹಾಕಿದರು.

ಕಟ್ಟಡದ ಕಾರ್ಯದರ್ಶಿ ಎರಡನೆಯ ಮಹಡಿಯ ಹೆಡ್ ಮೇಡಂ. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿದ್ದರೂ ಧ್ವನಿ ಮಾತ್ರ ಇನ್ನೂ ಸೇವೆಯಲ್ಲಿತ್ತು. ಸಂಜೆಯೊಳಗೆ ಕೈಮರದವರ ಬಾಗಿಲಿಗೆ ನೋಟೀಸು ಅಂಟಿತು. ಇನ್ನೊಂದು ಸಲ ಆ ನಾಯಿ ಯಾರನ್ನಾದರೂ ಕಚ್ಚಿದರೆ ನಗರಸಭೆಯ ನಾಯಿಗಾಡಿಗೆ ಫೋನು. ಆ ದಿನಗಳಲ್ಲಿ ಗಾಡಿಗೆ ಹತ್ತಿದ ನಾಯಿ ಮರಳುತ್ತಿರಲಿಲ್ಲ. ಇಟ್ಟುಕೊಳ್ಳಲು ಜಾಗವಿಲ್ಲ, ನೋಡಿಕೊಳ್ಳಲು ಜನವಿಲ್ಲ. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಂದು ಮಗಳು ಫೋನು ಮಾಡಿದಾಗ ಪರದೆಯ ಮೇಲೆ ಅವಳ ಮುಖದಲ್ಲಿ ಮುಖಗವಸಿನ ಪಟ್ಟಿ ಕೊರೆದ ಎರಡು ಕೆಂಪು ಗೆರೆಗಳಿದ್ದವು. ಅಪ್ಪ ವಾರ್ಡಿನ ವಿಷಯ ಕೇಳಿದರು. ಅವಳು ಮಾತು ತಿರುಗಿಸಿದಳು.

“ಬೆಣ್ಣೆ ನಡೀತಾ ಅಪ್ಪ?”

“ನಡೀತು.”

“ಎಷ್ಟು ಹೊತ್ತು? ಬಾಲ ಹೇಗಿತ್ತು? ಮೇಲಿತ್ತಾ, ಕೆಳಗಿತ್ತಾ?”

ಅವರು ಒಂದೊಂದಾಗಿ ಹೇಳಿದರು. ಮಗಳು ಕಣ್ಣು ಮುಚ್ಚಿಕೊಂಡು, ಬಾಯಾರಿದವರು ನೀರು ಕುಡಿಯುವಂತೆ ಕೇಳಿಸಿಕೊಂಡಳು. ಕೈಮರದವರಿಗೆ ಆಗ ತಿಳಿಯಿತು. ಅವಳಿರುವ ಜಾಗದಲ್ಲಿ ದಿನವಿಡೀ ಬರುವ ಸುದ್ದಿಯೆಲ್ಲ ಒಂದೇ ಬಣ್ಣದ್ದು. ಬೇರೆ ಬಣ್ಣದ ಸುದ್ದಿ ಎಂದು ಅವಳಿಗೆ ಜಗತ್ತಿನಲ್ಲಿ ಉಳಿದಿರುವುದು ಈ ಬೆಣ್ಣೆಬಣ್ಣದ ನಾಯಿಯ ಬಾಲವೊಂದೇ. ಅದು ಗಾಡಿ ಹತ್ತಿತೆಂದು ಈ ಹುಡುಗಿಗೆ ಹೇಳುವ ದಿನ ಬರಬಾರದು. ಅವರು ನನ್ನೊಡನೆ ಇದನ್ನು ಆಡಿದ್ದು ಬಹಳ ದಿನಗಳ ಮೇಲೆ, ಅದೂ ಬೇರೇನೋ ಹೇಳುವ ನಡುವೆ.

ಮರುದಿನ ಅವರು ಮೆಟ್ಟಿಲ ಮೇಲೆ ಕೂತು ಬೆಳಗಿನಿಂದ ಮಧ್ಯಾಹ್ನದವರೆಗೆ ಮೇಲೆ ಕೆಳಗೆ ನೋಡಿದರು. ಮಧ್ಯಾಹ್ನ ನನ್ನ ಬಾಗಿಲಿನಿಂದ ಆರಡಿ ದೂರ ನಿಂತು, “ಒಂದೇ ಹಳಿ, ಹನ್ನೊಂದು ಗಾಡಿ. ಇಷ್ಟು ದಿನ ಯಾರೂ ಸಾಯದೆ ಇದ್ದದ್ದೇ ಪವಾಡ ಕಣ್ರೀ” ಎಂದರು. ಆಮೇಲೆ ತಮ್ಮ ಸಾಮಾನಿನ ಪೆಟ್ಟಿಗೆಯಿಂದ ದಪ್ಪ ತಂತಿ ತೆಗೆದು, ಬಗ್ಗಿಸಿ, ಹೆಗಲಿಗೆ ಹಾಕಿಕೊಳ್ಳುವಷ್ಟು ಅಗಲದ ಒಂದು ಬಳೆ ಮಾಡಿ, ಅದಕ್ಕೆ ಕೆಂಪು ಬಟ್ಟೆ ಸುತ್ತಿದರು.

ಒಂಟಿ ಹಳಿಯ ದಾರಿಯಲ್ಲಿ ಗಾಡಿಗಳು ಮುಖಾಮುಖಿಯಾಗದಿರಲು ರೈಲ್ವೆಯವರು ಮಾಡಿಕೊಂಡ ಉಪಾಯ ಅದು. ಆ ತುಂಡು ಹಳಿಗೆ ಟೋಕನ್ ಒಂದೇ. ಬಳೆಗೆ ಕಟ್ಟಿದ ಆ ಟೋಕನ್ ಯಾವ ಚಾಲಕನ ಕೈಯಲ್ಲಿದೆಯೋ ಅವನ ಗಾಡಿಗೆ ಮಾತ್ರ ದಾರಿ. ಮಿಕ್ಕವರು, ರಾಜನ ಮದುವೆಗೇ ಹೊರಟಿದ್ದರೂ, ನಿಲ್ಲಬೇಕು. ಬರುವ ಗಾಡಿಯಿಂದ ಚಾಲಕ ಚಾಚಿದ ಬಳೆಯನ್ನು ಓಡುತ್ತಲೇ ತೋಳಿನಲ್ಲಿ ಹಿಡಿದು, ಹೆಗಲಿಗೇರಿಸಿಕೊಂಡು, ಕ್ಯಾಬಿನ್ನಿಗೆ ನಡೆಯುವುದು ಕೈಮರದವರು ತಮ್ಮ ಆಯುಷ್ಯದಲ್ಲಿ ಸಾವಿರಾರು ಸಲ ಮಾಡಿದ ಕೆಲಸ. ಅದನ್ನೇ ಈಗ ಮೆಟ್ಟಿಲಿಗೆ ತಂದರು. ಮೆಟ್ಟಿಲ ನಡುವಿನ ತೆರಪಿನಲ್ಲಿ ಮೇಲಿನಿಂದ ಕೆಳತನಕ ಹಗ್ಗ ಇಳಿಬಿಟ್ಟು ಅದಕ್ಕೆ ಬಳೆ ಸಿಕ್ಕಿಸಿದರು. ನಾಯಿ ಹೊರಡಿಸುವವರು ಹಗ್ಗ ಎಳೆದು ಬಳೆಯನ್ನು ತಮ್ಮ ಮಹಡಿಗೆ ತರಿಸಿಕೊಂಡು, ಹೆಗಲಿಗೆ ಹಾಕಿಕೊಂಡು ಹೊರಡಬೇಕು. ಹತ್ತು ನಿಮಿಷದಲ್ಲಿ ಮರಳಿ ಸಿಕ್ಕಿಸಬೇಕು. ಬಳೆ ಹಗ್ಗದಲ್ಲಿ ಇಲ್ಲವೆಂದರೆ ದಾರಿ ಖಾಲಿಯಿಲ್ಲ. ಹೊರಡುವಾಗ ಮೆಟ್ಟಿಲ ಕಬ್ಬಿಣದ ಕಂಬಿಗೆ ಚಮಚದಿಂದ ಎರಡು ಬಡಿತ. ಮನೆ ಸೇರಿದಾಗ ಮೂರು.

“ಇದೇನ್ರೀ, ಮನೇನ ಸ್ಟೇಷನ್ ಮಾಡ್ಬಿಟ್ರಿ! ಟೀ ಮಾರೋನು ಯಾವಾಗ ಬರ್ತಾನೆ?” ಎಂದ ವಿಮೆ ಏಜೆಂಟ.

“ನಿಮ್ಮ ನಾಯಿ ಮಂಚದ ಕೆಳಗಿಂದ ಹೊರಗೆ ಬಂದ ದಿನ ಬರ್ತಾನೆ” ಎಂದರು ಕೈಮರದವರು.

ಹೆಡ್ ಮೇಡಂಗೆ ನಿಯಮವೆಂದರೆ ಹಸಿದವರಿಗೆ ಅನ್ನವಿದ್ದಂತೆ. ಒಪ್ಪಿದರು. ಒಂದು ವಾರದಲ್ಲಿ ಕಟ್ಟಡದ ಹಸುಗೂಸುಗಳೂ ಕಂಬಿಯ ಭಾಷೆ ಕಲಿತವು. ಆ ಬಡಿತ ಕೇಳಿಯೇ ಯಾರ ಮನೆಯ ಚಮಚ ಬೆಳ್ಳಿಯದು, ಯಾರದು ತಗಡು ಎಂದು ಹೇಳಬಲ್ಲ ಪಂಡಿತರು ನಮ್ಮಲ್ಲಿ ಹುಟ್ಟಿಕೊಂಡರು.

ಓಣಿಯಲ್ಲಿ ಪಕ್ಕದ ಕಟ್ಟಡಗಳ ನಾಯಿಗಳೂ ಬರುತ್ತಿದ್ದವಲ್ಲ, ಅಲ್ಲಿ ಬಳೆ ನಡೆಯುವಂತಿರಲಿಲ್ಲ. ಅಲ್ಲಿಗೆ ಕೈಮರದವರ ಬಳಿ ಬೇರೊಂದು ಸೂತ್ರವಿತ್ತು. “ಗಾಡೀನ ಬ್ರೇಕು ನಿಲ್ಲಿಸಲ್ಲ ಕಣ್ರೀ, ಮಧ್ಯದ ದೂರ ನಿಲ್ಲಿಸುತ್ತೆ” ಎನ್ನುವರು. ಮೂರು ದಿನ ಅವರು ಬೆಣ್ಣೆಯ ಕಿವಿಗಳನ್ನೇ ನೋಡಿದರು. ಎದುರು ನಾಯಿ ಮೂವತ್ತು ಹೆಜ್ಜೆ ದೂರವಿದ್ದಾಗ ಕಿವಿ ಸಡಿಲ; ಇಪ್ಪತ್ತೇಳಕ್ಕೆ ಕಿವಿ ನೆಟ್ಟಗೆ; ಇಪ್ಪತ್ತಕ್ಕೆ ಬೆನ್ನಿನ ಕೂದಲು; ಹದಿನೈದಕ್ಕೆ ದೇವರೇ ಗತಿ. ಅಂದಮೇಲೆ ಇಪ್ಪತ್ತೆಂಟಕ್ಕೇ ತಿರುಗಬೇಕು, ಅದೂ ಹಗ್ಗ ಜಗ್ಗದೆ, ನಾಯಿಗೆ ತಾನೇ ತಿರುಗಿದೆನೆಂದು ತೋರುವಂತೆ. ಅದು ಅವರತ್ತ ನೋಡಿದಾಗಲೆಲ್ಲ ಒಂದು ಚೂರು ಬ್ರೆಡ್ಡು. ಬಾಯಿಯ ಬುಟ್ಟಿಯನ್ನು ಮೊದಲು ಮೂಸಲು ಕೊಟ್ಟರು, ಆಮೇಲೆ ಅದರೊಳಗೆ ಬ್ರೆಡ್ಡಿಟ್ಟರು, ಐದನೆಯ ದಿನ ಬೆಣ್ಣೆ ತಾನಾಗಿಯೇ ಮೂತಿ ತೂರಿಸಿತು. ಊರಿಗೆ ಊರೇ ಮೂಗುಬಾಯಿ ಮುಚ್ಚಿಕೊಂಡು ಗೊಣಗುತ್ತಿದ್ದ ಕಾಲದಲ್ಲಿ ಗೊಣಗದೆ ಬಾಯಿ ಕಟ್ಟಿಸಿಕೊಂಡದ್ದು ಅದೊಂದೇ. ಹೊರಗೆ ಹತ್ತು ನಿಮಿಷ ಸಾಲದಾದಾಗ ಮನೆಯೊಳಗೆ ಹಳೆಯ ಬಟ್ಟೆ ಸುರುಳಿಗಳಲ್ಲಿ ಬ್ರೆಡ್ಡು ಅಡಗಿಸಿ ಹುಡುಕಿಸುವರು. ಹುಡುಕಿ ಹುಡುಕಿ ದಣಿದ ಬೆಣ್ಣೆ ಅವರ ಕೋಟಿನ ಅಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋದಾಗ ಅವರು ಒಂದೂವರೆ ಗಂಟೆ ಕುರ್ಚಿಯಿಂದ ಏಳದೆ ಕೂತದ್ದೂ ಉಂಟು. ಎರಡು ಇಲಾಖೆಗಳು ಹೀಗೆ ವಿಲೀನವಾದವು.

ಐವತ್ಮೂರು ದಿನ ಮೆಟ್ಟಿಲ ಮೇಲೆ ಒಂದು ನಾಯಿ ಇನ್ನೊಂದನ್ನು ಕಾಣಲಿಲ್ಲ. ಸಂಜೆಯ ಫೋನಿನಲ್ಲಿ ಮಗಳಿಗೆ ಬಾಲದ ವರದಿ ಹೋಗುತ್ತಿತ್ತು. ಬಾಲ ಮೇಲಿತ್ತು.

ಐವತ್ನಾಲ್ಕನೆಯ ಬೆಳಿಗ್ಗೆ ಏಳೂವರೆಗೆ ಫೋನು ಬಂತು. ಮಗಳಲ್ಲ, ಅವಳ ಮೇಲಿನ ಹಿರಿಯ ನರ್ಸು. “ಗಾಬರಿ ಆಗ್ಬೇಡಿ ಸರ್. ನಿಮ್ಮ ಮಗಳಿಗೆ ಎರಡು ದಿನದಿಂದ ಜ್ವರ. ಇವತ್ತು ಉಸಿರಾಟಕ್ಕೆ ಸ್ವಲ್ಪ ಸಹಾಯ ಕೊಟ್ಟಿದೀವಿ. ನೀವು ಬರೋ ಹಾಗಿಲ್ಲ. ನಾವೇ ಫೋನ್ ಮಾಡ್ತೀವಿ.”

ಅವರು ಫೋನನ್ನು ಹಳದಿ ಬಟ್ಟೆಯಿಂದ ಒರೆಸಿ ಮೇಜಿನ ಮೇಲಿಟ್ಟರು. ಹತ್ತು ನಿಮಿಷ ಸುಮ್ಮನೆ ಕೂತರು. ಆ ಹೊತ್ತಿನಲ್ಲಿ ಕಂಬಿಯ ಮೇಲೆ ಎರಡು ಬಡಿತ ಆದದ್ದು ಅವರಿಗೆ ಕೇಳಲಿಲ್ಲ. ಆಮೇಲೆ ಗಡಿಯಾರ ನೋಡಿದರು. ಏಳು ನಲವತ್ತು, ಬೆಣ್ಣೆಯ ಹೊತ್ತು. ಹೊತ್ತಿಗೆ ಸರಿಯಾಗಿ ಏಳುವುದು ಅವರ ಮಂಡಿಗಳಿಗೆ ಗೊತ್ತಿದ್ದ ಕೆಲಸ, ಎದ್ದರು. ನಾಯಿಯ ಹಗ್ಗವನ್ನು ಕೊರಳಪಟ್ಟಿಗೆ ಸಿಕ್ಕಿಸಿ, ಅದರ ಉದ್ದ ಹೆಚ್ಚಾದದ್ದನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡರು.

ತಪ್ಪಾದದ್ದು ಅಲ್ಲಿ. ಬೇರೆ ಯಾರಾದರೂ ಆಗಿದ್ದರೆ ಬಳೆಗಾಗಿ ಕೈ ಚಾಚುತ್ತಿದ್ದರು. ನಲವತ್ತೊಂದು ವರ್ಷ ಹೆಗಲ ಮೇಲೆ ಒಂದು ಸುರುಳಿಯ ಭಾರ ಕೂತರೆ ಸಾಕು, ದಾರಿ ತನ್ನದೆಂದು ಕಲಿತಿದ್ದ ಆ ಮೈ, ಹಗ್ಗದ ಸುರುಳಿಯನ್ನೇ ಬಳೆಯೆಂದು ತಿಳಿಯಿತು. ಮನಸ್ಸು ಆಸ್ಪತ್ರೆಯಲ್ಲಿತ್ತು, ಮೈ ಒಬ್ಬಂಟಿಯಾಗಿ ಕೆಲಸಕ್ಕೆ ಹೋಗಿತ್ತು. ಬಾಯಿಯ ಬುಟ್ಟಿ ಬಾಗಿಲ ಹಿಂದಿನ ಗೂಟದಲ್ಲೇ ತೂಗುತ್ತಿತ್ತು.

ಎರಡನೆಯ ಮಹಡಿಯ ತಿರುವಿನಲ್ಲಿ ಕೆಳಗಿನಿಂದ ಟೈಲರಮ್ಮ ನಾಯಿಯೊಡನೆ ಮೇಲೇರಿ ಬರುತ್ತಿದ್ದಳು. ಕೈಮರದವರಿಗೆ ಮೊದಲು ಕಂಡದ್ದು ಅವಳೂ ಅಲ್ಲ, ಅವಳ ನಾಯಿಯೂ ಅಲ್ಲ. ಅವಳ ಹೆಗಲ ಮೇಲಿದ್ದ ಕೆಂಪು ಬಟ್ಟೆಯ ಬಳೆ. ಅವರ ಕೈ ತಮ್ಮ ಹೆಗಲಿಗೆ ಹೋಯಿತು. ಅಲ್ಲಿ ಹಗ್ಗವಿತ್ತು.

ನಾಲ್ಕು ಮೆಟ್ಟಿಲಿನ ಅಂತರ. ಬೆಣ್ಣೆ ಹಾರಿತು. ಅವರು ಹಗ್ಗವನ್ನು ಎರಡೂ ಕೈಗೆ ಸುತ್ತಿ, ತಮ್ಮ ದೇಹವನ್ನೇ ಗೋಡೆಗೂ ಕಂಬಿಗೂ ನಡುವೆ ಅಡ್ಡ ಹಾಕಿ ಬಿದ್ದರು. ಎದುರಿನದು ಸಿಗದ ಆ ದಿಗಿಲಿನಲ್ಲಿ ನಾಯಿಯ ಹಲ್ಲು ಹತ್ತಿರ ಸಿಕ್ಕಿದ ಅವರ ಮೊಣಕಾಲಿಗೇ ಇಳಿಯಿತು. ಬಿದ್ದ ರಭಸಕ್ಕೆ ಅದೇ ಮೊಣಕಾಲಿನೊಳಗೆ ಏನೋ ಕಟಕ್ಕೆಂದಿತು. “ಹಿಂದಕ್ಕೆ ಹೋಗಮ್ಮಾ, ಹಿಂದಕ್ಕೆ” ಎಂದರು, ಗಾರ್ಡಿಗೆ ಹೇಳಿದಂತೆ.

ಟೈಲರಮ್ಮ ಹತ್ತಿಯನ್ನು ಕೆಳಗೆ ನನ್ನ ಮನೆಯೊಳಗೆ ನೂಕಿ, ಒಬ್ಬಳೇ ಮರಳಿ ಬಂದಳು. ಅಷ್ಟರಲ್ಲಿ ಬೆಣ್ಣೆ ನಡುಗುತ್ತ ಅವರ ಕೋಟಿನ ಅಡಿಗೆ ನುಸುಳಿತ್ತು.

“ಮಾಮ, ರಕ್ತ ಬರ್ತಿದೆ.”

“ಬರ್ಲಿ. ಹತ್ತಿಗೇನಾಯ್ತು?”

“ಏನಾಗಿಲ್ಲ. ಯಾರೂ ನೋಡಿಲ್ಲ ಮಾಮ. ಕಾಲು ಜಾರಿ ಬಿದ್ರಿ, ಅಷ್ಟೆ. ನನ್ನ ಬಾಯಿ ಹೊಲಿಗೆ ಹಾಕಿದ ಹಾಗೆ, ಬಿಚ್ಚಲ್ಲ.”

“ನಾನು ನೋಡಿದೀನಲ್ಲ ತಾಯಿ.”

ಅವಳು ಅವರನ್ನು ಹೇಗೋ ಮೇಲಕ್ಕೆ ಸಾಗಿಸಿ, ಗಾಯ ತೊಳೆದು, ಬಟ್ಟೆ ಕಟ್ಟುತ್ತಿದ್ದಾಗ ಅವರು ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದುಕೊಡಲು ಹೇಳಿದರು. ಅದರ ಹಿಂದೆ, ಕ್ಯಾಬಿನ್ನಿನ ಕೈಬರಹದಲ್ಲಿ, ಒಂದು ಅಕ್ಷರವೂ ಓಲಾಡದಂತೆ ಬರೆದು, ಅದನ್ನು ಹೆಡ್ ಮೇಡಂಗೆ ತಲುಪಿಸಿ ಎಂದು ಅವಳ ಕೈಯಲ್ಲಿಯೇ ಇಟ್ಟರು. ಅವಳು ಅಳುತ್ತಲೇ ಒಯ್ದಳು.

ಸಂಜೆ ಐದಕ್ಕೆ ಹೆಡ್ ಮೇಡಂ ಎರಡನೆಯ ಮಹಡಿಯ ಮೆಟ್ಟಿಲಲ್ಲಿ ನಿಂತು, ಎಲ್ಲರೂ ಅವರವರ ಬಾಗಿಲಲ್ಲಿ ಇರುವಂತೆ ಮಾಡಿ, ಆ ಹಾಳೆಯನ್ನು ಓದಿದರು. “ಇಂದು ಬೆಳಿಗ್ಗೆ ಏಳು ಗಂಟೆ ನಲವತ್ತೆರಡು ನಿಮಿಷಕ್ಕೆ ನಾನು ಟೋಕನ್ ಇಲ್ಲದೆ ನಾಯಿಯನ್ನು ಮೆಟ್ಟಿಲಿಗೆ ತಂದಿದ್ದೇನೆ. ಬಾಯಿಯ ಬುಟ್ಟಿ ಹಾಕಿರಲಿಲ್ಲ. ಟೈಲರಮ್ಮನವರ ಬಳಿ ಟೋಕನ್ ಇತ್ತು. ಅವರದು ಲೇಶಮಾತ್ರವೂ ತಪ್ಪಿಲ್ಲ. ನಾಯಿ ಕಚ್ಚಿದೆ, ನನ್ನನ್ನು. ಅದು ತನ್ನ ಭಯಕ್ಕೆ ತಕ್ಕಂತೆ ನಡೆದುಕೊಂಡಿದೆ. ಕಾರಣ: ನನಗೆ ಗಮನವಿರಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯಬೇಕಾಗಿ ವಿನಂತಿ.”

“ಗಮನ ಯಾಕಿರಲಿಲ್ಲ?” ಹೆಡ್ ಮೇಡಂ ಮೇಲಕ್ಕೆ ಮುಖ ಮಾಡಿ ಕೇಳಿದರು.

ನಾಲ್ಕನೆಯ ಮಹಡಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕಾಲು ಚಾಚಿ ಕೂತಿದ್ದರು ಅವರು. “ಕಾರಣಕ್ಕೆ ಕಾರಣ ಬರೆಯೋ ಪದ್ಧತಿ ನಮ್ಮಲ್ಲಿಲ್ಲ ಮೇಡಂ.”

“ಇವರ ಮಗಳು ಆಸ್ಪತ್ರೇಲಿ ಮಲಗಿದಾಳೆ” ಎಂದಳು ಟೈಲರಮ್ಮ. ಗಾಯ ಕಟ್ಟುವಾಗ ಮತ್ತೆ ಬಂದಿದ್ದ ಫೋನನ್ನು ಎತ್ತಿಕೊಂಡವಳು ಅವಳೇ. “ನೋಡಿಕೊಳ್ಳೋಕೆ ಹೋದೋಳು, ಈಗ ಅವಳೇ ಮಲಗಿದಾಳೆ. ಇವರು ಯಾರಿಗೂ ಹೇಳಿಲ್ಲ.”

ವಿಮೆ ಏಜೆಂಟ ತನ್ನ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡಿದ. ಹೆಡ್ ಮೇಡಂ ಹಾಳೆಯನ್ನು ಮಡಚಿದರು, ಮತ್ತೆ ಬಿಚ್ಚಿದರು.

“ನೋಟೀಸು ನೋಟೀಸೇ. ಕಚ್ಚಿದ್ದು ಕಚ್ಚಿದ್ದೇ” ಎಂದರು. ಧ್ವನಿ ಮಾತ್ರ ಎಂದಿನದಾಗಿರಲಿಲ್ಲ. “ನಾಯಿಗೆ ಏನು ಶಿಕ್ಷೆ ಕೊಡೋಣ ಅಂತೀರಿ ನೀವೇ?”

“ಸಿಗ್ನಲ್ಲಿನೋನು ತಪ್ಪಿದ್ರೆ ಗಾಡೀನ ಗುಜರಿಗೆ ಹಾಕ್ತಾರಾ ಮೇಡಂ?” ಎಂದರು ಕೈಮರದವರು. ಇಷ್ಟು ಹೇಳಿ ಅವರು ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. “ಆದ್ರೆ ನನ್ನ ಕಾಲು ಇನ್ನು ಆರು ವಾರ ಮೆಟ್ಟಿಲಿಳಿಯಲ್ಲ. ಹಗ್ಗ ಹಿಡಿಯೋರಿಲ್ಲದ ನಾಯಿ ಈ ಕಟ್ಟಡದಲ್ಲಿ ಇರಬಾರದು. ಅದು ನ್ಯಾಯ. ಅದನ್ನ ನಾನೇ ಹೇಳಬೇಕು.”

ಆ ಮಾತಿನ ಬೆಲೆ ಏನೆಂದು ಆಗ ನಮಗೆ ಅರ್ಥವಾಗಲಿಲ್ಲ. ಮಗಳು ಎಚ್ಚರಗೊಂಡು ಮೊದಲು ಕೇಳುವ ಪ್ರಶ್ನೆ ಯಾವುದೆಂದು ಗೊತ್ತಿದ್ದೂ, ಅವಳು ಎಚ್ಚರಗೊಳ್ಳುತ್ತಾಳೋ ಇಲ್ಲವೋ ಎಂಬುದು ಗೊತ್ತಿಲ್ಲದೆಯೂ, ಆ ಮನುಷ್ಯ ತನ್ನ ಕೈಯಾರೆ ಕೆಂಪು ದೀಪ ಹಚ್ಚುತ್ತಿದ್ದರು.

“ನಾಳೆ ಬೆಳಿಗ್ಗೆ ಆರರೊಳಗೆ ಹಗ್ಗ ಹಿಡಿಯೋರು ಸಿಕ್ಕಿದ್ರೆ ನಾಯಿ ಇರುತ್ತೆ. ಇಲ್ಲ ಅಂದ್ರೆ ಫೋನು” ಎಂದರು ಹೆಡ್ ಮೇಡಂ. “ಯಾರಾದ್ರೂ ಇದೀರಾ?”

ಐದು ಮಹಡಿಗಳಲ್ಲಿ ಇಪ್ಪತ್ತು ಬಾಗಿಲುಗಳಿದ್ದವು. ಎಲ್ಲ ಬಾಗಿಲಲ್ಲೂ ಜನರಿದ್ದರು. ನಾನೂ ಇದ್ದೆ, ನನಗೆ ಅದೇ ಹೊತ್ತಿಗೆ ಕೆಮ್ಮು ಬಂತು.

“ನಾನು ಹಿಡೀತೀನಿ” ಎಂದಳು ಟೈಲರಮ್ಮ.

“ನಿನ್ನ ತೋಳಿನ ಹೊಲಿಗೆಯ ಗುರುತು ಇನ್ನೂ ಮಾಸಿಲ್ಲ ಕಣೇ!” ಎಂದರು ಹೆಡ್ ಮೇಡಂ.

“ಹೊಲಿಗೆ ಅಂದ್ರೆ ನಂಗೆ ಹೊಸದಾ ಮೇಡಂ? ಊರಿಗೆ ಬೀಗ ಬಿದ್ದಾಗಿಂದ ಗಂಡ ಎಲ್ಲೋ ಸಿಕ್ಕಾಕೊಂಡಿದಾನೆ, ಮಷೀನು ಧೂಳು ತಿಂತಿದೆ. ಅಳತೆ ತಗೊಳ್ಳೋಕೆ ಒಂದು ಪ್ರಾಣಿನಾದ್ರೂ ಸಿಗಲಿ.”

ಮಾರನೆಯ ದಿನದಿಂದ ಕೈಮರದವರಿಗೆ ತಮ್ಮ ಬಾಳಿನ ಅತ್ಯಂತ ಕಷ್ಟದ ಕೆಲಸ ಶುರುವಾಯಿತು, ಸುಮ್ಮನೆ ಕೂರುವುದು. ಮೊದಲ ಮೂರು ದಿನ ಟೈಲರಮ್ಮ ನಾಯಿಯನ್ನು ಹೊರಗೆ ಒಯ್ಯಲೇ ಇಲ್ಲ. ಅವರ ಮನೆಯ ಮೂಲೆಯಲ್ಲಿ ಕೂತು, ಬೆಣ್ಣೆಯತ್ತ ನೋಡದೆ, ಗುಂಡಿ ಹೊಲಿಯುತ್ತ ಬ್ರೆಡ್ಡು ಎಸೆಯುತ್ತಿದ್ದಳು. ನಾಲ್ಕನೆಯ ದಿನ ಹೊರಟಳು, ಹೆಗಲಲ್ಲಿ ಬಳೆ, ನಾಯಿಯ ಬಾಯಿಗೆ ಬುಟ್ಟಿ, ಕೊರಳಲ್ಲಿ ಅಳತೆಯ ಟೇಪು. ಇಪ್ಪತ್ತೆಂಟು ಹೆಜ್ಜೆ ಎಂಬ ಲೆಕ್ಕ ಅವಳಿಗೆ ಒಪ್ಪಿಗೆಯಾಗಲಿಲ್ಲ. “ಯಾರ ಹೆಜ್ಜೆ ಮಾಮ, ನಿಮ್ಮದಾ ನಂದಾ? ಅಳತೆ ಅಂದ್ರೆ ಅಳತೆ ಇರಬೇಕು” ಎಂದು ಬಟ್ಟೆ ಕತ್ತರಿಸುವ ಸೀಮೆಸುಣ್ಣದಿಂದ ಓಣಿಯುದ್ದಕ್ಕೂ ಗುರುತು ಹಾಕಿದಳು. ಕಿಟಕಿಯಿಂದ ನೋಡುತ್ತಿದ್ದ ಕೈಮರದವರು ಆ ಗುರುತುಗಳನ್ನು ಒಂದೊಂದಾಗಿ ಎಣಿಸಿದರು. ತಮಗಿಂತ ಕಟ್ಟುನಿಟ್ಟಿನವರು ಒಬ್ಬರು ಹುಟ್ಟಿದ್ದಾರೆಂಬುದು ಅವರಿಗೆ ಸಮಾಧಾನವೋ ಸಂಕಟವೋ ತಿಳಿಯದು.

ಆಸ್ಪತ್ರೆಯಿಂದ ದಿನಕ್ಕೊಂದು ಫೋನು ಬರುತ್ತಿತ್ತು. ಹಾಗೆಯೇ ಇದ್ದಾಳೆ, ಹಾಗೆಯೇ ಇದ್ದಾಳೆ. ಹನ್ನೊಂದು ದಿನ ಹಾಗೆಯೇ ಇದ್ದಳು. ಹನ್ನೆರಡನೆಯ ಸಂಜೆ ಪರದೆಯ ಮೇಲೆ ಮಗಳ ಮುಖ ಬಂತು. ಅರ್ಧ ಮುಖ, ಅರ್ಧ ದಿಂಬು. ಆ ಹೊತ್ತಿನಲ್ಲಿ ಟೈಲರಮ್ಮ ಬಾಗಿಲ ಬಳಿ ಇದ್ದಳು, ಅವಳು ಹೇಳಿದ್ದನ್ನೇ ನಾನು ಬರೆಯುತ್ತಿದ್ದೇನೆ.

“ಬೆಣ್ಣೆ ನಡೀತಿದ್ಯಾ ಅಪ್ಪ?”

“ನಡೀತಿದೆ. ನಾನು ನಡೆಸ್ತಿಲ್ಲ.” ಅವರು ಎಲ್ಲವನ್ನೂ ಹೇಳಿದರು. ಏಳು ನಲವತ್ತೆರಡರಿಂದ ಹಿಡಿದು, ಬುಟ್ಟಿ ಗೂಟದಲ್ಲೇ ಉಳಿದದ್ದು, ಹಗ್ಗ, ಬಳೆ, ಮೊಣಕಾಲು, ಹಾಳೆ. ಜ್ವರದಿಂದೆದ್ದವಳಿಗೆ ಇದನ್ನೆಲ್ಲ ಯಾಕೆ ಹೇಳಬೇಕು ಎಂದು ಟೈಲರಮ್ಮ ಕೈಸನ್ನೆ ಮಾಡಿದರೂ ಬಿಡಲಿಲ್ಲ.

ಮಗಳು ದಿಂಬಿನಿಂದ ತಲೆ ತುಸು ಎತ್ತಿದಳು.

“ನೀನೂ ತಪ್ಪು ಮಾಡ್ತೀಯಾ ಅಪ್ಪ?”

“ಒಂದು ಮಾಡಿದೆ.”

ಅವಳು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು. ಅದುವರೆಗೆ ವಾರ್ಡಿನ ಬಗ್ಗೆ ತುಟಿ ಎರಡು ಮಾಡದಿದ್ದ ಆ ಹುಡುಗಿ ಆಮೇಲೆ, ಅದೇ ದಿಂಬಿನ ಮೇಲೆ ತಲೆಯಿಟ್ಟುಕೊಂಡು, ತಾನು ಯಾವ ಯಾವ ಹಾಸಿಗೆಯ ಬಳಿ ಏನೇನು ತಪ್ಪಿದೆನೆಂದುಕೊಂಡಿದ್ದಳೋ ಅದನ್ನೆಲ್ಲ ಒಂದೊಂದಾಗಿ ಹೇಳಿದಳಂತೆ. ಅಪ್ಪ ಹೂಂಗುಟ್ಟುತ್ತ ಕೇಳಿದರು. ಟೈಲರಮ್ಮ ಬಾಗಿಲೆಳೆದುಕೊಂಡು ಮೆಟ್ಟಿಲಿಗೆ ಬಂದು ಕೂತಳು.

ತಿಂಗಳು ಕಳೆದು ಮಗಳು ಮನೆಗೆ ಬಂದಳು. ಕೈಮರದವರು ತೀರಿಕೊಂಡು ಈಗ ಎರಡು ವರ್ಷ. ಸಭೆಯಿಲ್ಲ, ಭಾಷಣವಿಲ್ಲ. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಾಗ ನನಗೆ ತೊಡಕಾದದ್ದು ಇದೇ. ಒಬ್ಬ ಸೇತುವೆ ಕಟ್ಟಿದರೆ ಅದರ ಕಂಬಕ್ಕೆ ಹೆಸರು ಕೊರೆಯಬಹುದು, ಒಬ್ಬ ಯುದ್ಧ ಗೆದ್ದರೆ ಚೌಕದಲ್ಲಿ ಕುದುರೆಯ ಮೇಲೆ ಕೂರಿಸಬಹುದು. ಢಿಕ್ಕಿಯಾಗದಂತೆ ನೋಡಿಕೊಂಡವನ ಕೆಲಸವನ್ನು ಎಲ್ಲಿ ತೋರಿಸುವುದು? ಆಗದೆ ಹೋದ ಅಪಘಾತಕ್ಕೆ ತಾರೀಖಿಲ್ಲ. ಅದರಲ್ಲಿ ಸಾಯದೆ ಉಳಿದವರು ಗಾಡಿಯಿಳಿದು, ಹತ್ತು ನಿಮಿಷ ತಡವಾಯಿತೆಂದು ಬೈದುಕೊಂಡು ಮನೆಗೆ ಹೋಗುತ್ತಾರೆ. ತಾವು ಉಳಿದದ್ದೇ ಅವರಿಗೆ ಗೊತ್ತಿರುವುದಿಲ್ಲ. ತಡೆಯುವುದನ್ನೇ ಕಸುಬು ಮಾಡಿಕೊಂಡ ಇಂಥವರು, ನರ್ಸೋ ಸಿಗ್ನಲಿನವರೋ, ಪ್ರತಿ ಬೀದಿಯಲ್ಲಿ ಒಬ್ಬಿಬ್ಬರು ಇದ್ದೇ ಇರುತ್ತಾರೆ, ಇರುವುದರಿಂದಲೇ ನಾವು ಅವರನ್ನು ನೋಡಿ ನಗುವಷ್ಟು ದಿನ ಬದುಕಿರುತ್ತೇವೆ. ಅವರು ಸರಿಯಾಗಿ ಮಾಡಿದ ಕೆಲಸವೆಲ್ಲ ಗಾಳಿಯಲ್ಲಿ ಗಾಳಿಯಾಗಿ ಹೋಗುತ್ತದೆ. ಅವರ ಇಡೀ ಬಾಳಿನಲ್ಲಿ ನಮ್ಮ ಕಣ್ಣಿಗೆ ಬೀಳುವ ಘಟನೆ ಒಂದೇ ಒಂದು, ಅವರ ತಪ್ಪು. ಅದೂ, ಅದನ್ನು ಅವರೇ ಬರೆದುಕೊಟ್ಟರೆ.